ಕೊಸರಿಗೆ ಬಂದ ಸಿಡಿ

ಸೇಲಂ ಸುತ್ತಿನ ಸಬ್ಬಕ್ಕಿ ಮಿಲ್ಲುಗಳಲ್ಲಿ ಯಾರೂ ಕಾಸು ಕೊಟ್ಟು ಸಾಫ್ಟ್‌ವೇರ್ ಕೊಳ್ಳುತ್ತಿರಲಿಲ್ಲ. ಕಂಪ್ಯೂಟರ್ ಮಾರಿದವನೇ ಎಲ್ಲವನ್ನೂ ಕಾಪಿ ಹೊಡೆದು ತುಂಬಿಕೊಡುತ್ತಿದ್ದ. ಅಂಥ ಊರಿನಲ್ಲಿ ಒರಿಜಿನಲ್ಲೇ ಕೊಳ್ಳಿ ಎಂದು ಮಿಲ್ಲಿನಿಂದ ಮಿಲ್ಲಿಗೆ ತಿರುಗಿದ ಮಹಾನುಭಾವ ಹೃಷೀಕೇಶ ಒಬ್ಬನೇ.

ಅವನು ಬರೆದ ಪ್ರೋಗ್ರಾಮಿನ ಹೆಸರು ‘ನೋಟ’. ಸಬ್ಬಕ್ಕಿ ಮಾಡುವ ಮರಗೆಣಸಿನೊಳಗಿನ ಹಿಟ್ಟಿನ ಅಂಶವನ್ನು ಮಿಲ್ಲಿನವರು ಪಾಯಿಂಟ್ ಲೆಕ್ಕದಲ್ಲಿ ಅಳೆಯುತ್ತಾರೆ. ಯಾವ ಊರಿನ ಗೆಣಸು ಯಾವ ತಿಂಗಳಲ್ಲಿ ಎಷ್ಟು ಪಾಯಿಂಟ್ ಕೊಟ್ಟಿತು, ಮುಂದಿನ ಲೋಡು ಯಾವ ಕಡೆಯಿಂದ ತರಿಸಿದರೆ ಒಳ್ಳೆಯದು ಎಂದು ನೋಟ ತೆರೆಯ ಮೇಲೆ ತೋರಿಸುತ್ತಿತ್ತು. ಮಾಲೀಕರು ಏನೇನು ಕೇಳುತ್ತಾರೆಂದು ತಿಳಿಯಲು ಹೃಷೀಕೇಶ ಎರಡು ವರ್ಷ ತೂಕದ ಕಟ್ಟೆಗಳ ಮೇಲೆ ಕೂತು ಅವರ ಗೊಣಗಾಟ ಬರೆದುಕೊಂಡಿದ್ದ. ಆಮೇಲೆ ಹನ್ನೊಂದು ಮಿಲ್ಲುಗಳು ಅದನ್ನು ತೆಗೆದುಕೊಂಡವು. ಅವನ ಸಂಸಾರ ನಡೆಯುತ್ತಿದ್ದುದೇ ಆ ಹನ್ನೊಂದು ಮಿಲ್ಲುಗಳು ವರ್ಷವರ್ಷ ಕೊಡುತ್ತಿದ್ದ ಹಣದಿಂದ.

ನೋಟ ಓಡಬೇಕಾದರೆ ಕೆಳಗೊಂದು ಡೇಟಾಬೇಸ್ ಬೇಕು. ಅದು ಅಮೆರಿಕದ ಒಂದು ದೊಡ್ಡ ಕಂಪನಿಯದು. ಅದನ್ನು ಲೈಸೆನ್ಸ್ ಸಮೇತ ಕೊಳ್ಳದವರಿಗೆ ಹೃಷೀಕೇಶ ನೋಟ ಕೊಡುತ್ತಿರಲಿಲ್ಲ. ಕದ್ದ ಮಾಲಿನ ಮೇಲೆ ತನ್ನ ಕೆಲಸ ನಿಲ್ಲಬಾರದು ಎಂಬ ಮಡಿ. ಸಂಧ್ಯಾವಂದನೆ ಬಿಟ್ಟು ಎಷ್ಟೋ ವರ್ಷವಾಗಿತ್ತು, ಈ ಮಡಿ ಮಾತ್ರ ಬಿಟ್ಟಿರಲಿಲ್ಲ. “ಊರಿಗೆ ಇಲ್ಲದ ಆಚಾರ ನಿಮಗೊಬ್ಬರಿಗೆ ಯಾಕೆ?” ಎಂದು ಹೆಂಡತಿ ವಸುಧಾ ಕೇಳಿದಾಗಲೆಲ್ಲ ಅವನು ದೊಡ್ಡವನ ಹಾಗೆ ನಗುತ್ತಿದ್ದ.

ತೊಂಬತ್ತೊಂಬತ್ತರಲ್ಲಿ ಕಂಪನಿ ಡೇಟಾಬೇಸಿನ ಹೊಸ ಸಿಡಿ ತಂದಿತು. ನೋಟ ಮಾಡುವಂಥ ಕೆಲಸ ಮಾಡುವ ಇನ್ನೊಂದು ಪ್ರೋಗ್ರಾಂ ಅದರೊಳಗೇ ಇತ್ತು, ಸಂತೆಯಲ್ಲಿ ತರಕಾರಿ ಕೊಂಡವರಿಗೆ ಹಾಕುವ ಕರಿಬೇವಿನ ಕೊಸರಿನ ಹಾಗೆ. ಅಂಥ ಮಾಲನ್ನು ಲಕ್ಷಗಟ್ಟಲೆಗೆ ಮಾರುತ್ತಿದ್ದ ಬೇರೆ ಕಂಪನಿಗಳ ಹೊಟ್ಟೆಯ ಮೇಲೆ ಹೊಡೆಯುವುದು ಅಮೆರಿಕದ ಕಂಪನಿಯ ಹೂಟ. ಸೇಲಮ್ಮಿನಲ್ಲಿ ಹೃಷೀಕೇಶ ಎಂಬೊಬ್ಬನಿದ್ದಾನೆಂಬುದೇ ಅದಕ್ಕೆ ಗೊತ್ತಿರಲಿಲ್ಲ. ಗೊತ್ತಿದ್ದು ಹೊಡೆದಿದ್ದರೆ ಇಷ್ಟು ಅವಮಾನವಾಗುತ್ತಿರಲಿಲ್ಲವೇನೋ.

ಕಡಯಂಪಟ್ಟಿಯ ಮಿಲ್ಲಿನ ಗೋಪಾಲಪ್ಪ ಹೇಳಿಕಳಿಸಿದರು. ಉಳಿದ ಹತ್ತು ಜನ ಮಾಲೀಕರು ಅವರ ಮುಖ ನೋಡಿಯೇ ಹೆಜ್ಜೆ ಇಡುವವರು. ಇವರನ್ನು ಉಳಿಸಿಕೊಂಡರೆ ನೋಟ ಉಳಿಯುತ್ತದೆ ಎಂದು ಹೃಷೀಕೇಶ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದ.

“ವಾಂಗ ಸಾಮಿ, ಕೂತ್ಕಳಿ. ಒಸ ಸಿಡಿ ಬಂದೈತೆ. ಎಲ್ಲಾ ಇದ್ರೊಳಗೇ ಐತಂತೆ, ಸುಮ್ನೆ ಕೊಟ್ಟವ್ರೆ.”

“ಅದಕ್ಕೆ ಪಾಯಿಂಟ್ ಅಂದ್ರೆ ಏನೂಂತಲೇ ಗೊತ್ತಿಲ್ಲ, ಗೋಪಾಲಪ್ಪನವರೇ.”

“ನಿಮ್ಗೆ ಗೊತ್ತೈತಲ್ಲಾ. ನೀವೇ ಅದುಕ್ಕೆ ಏಳ್ಕೊಟ್ಬುಡಿ.”

“ಹಾಗಾದ್ರೆ ನೋಟ?”

“ಸುಮ್ನೆ ಸಿಕ್ಕೋದು ಕೈಯಾಗೇ ಇರುವಾಗ ಅದ್ಯಾಕೆ?” ಗೋಪಾಲಪ್ಪ ಹತ್ತಿರಕ್ಕೆ ಬಾಗಿದರು. “ಕೋಪ ಮಾಡ್ಕಬೇಡಿ. ಒರಿಜಿನಲ್ ತಗಳಿ, ಮುಂದೆ ಒಳ್ಳೇದಾಯ್ತದೆ ಅಂತ ಏಳಿದ್ದು ನೀವೇ ತಾನೇ? ಕಾಪಿ ಇಟ್ಕಂಡೋರಿಗೆ ಈ ಸಿಡಿ ಸಿಕ್ಕಿಲ್ಲ. ನಿಮ್ಮಾತು ಕೇಳಿದ್ಕೇ ನಮ್ಗೆ ಬಂತು. ರೊಂಬ ನನ್ರಿ ಸಾಮಿ.”

ಹಾಗೆ ಉಪಕಾರ ಸ್ಮರಿಸಿ ಕೈಮುಗಿದರು. ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಹೃಷೀಕೇಶ ಮೂರು ದಿನ ಅಲ್ಲೇ ಕೂತು, ತೂಕದ ಕಟ್ಟೆಗಳ ಮೇಲೆ ತಾನು ಕಲಿತ ಪ್ರಶ್ನೆಗಳನ್ನೆಲ್ಲ ಒಂದೊಂದಾಗಿ ಆ ಬಿಟ್ಟಿ ಪ್ರೋಗ್ರಾಮಿಗೆ ಕಲಿಸಿಕೊಟ್ಟ. ನೋಟವನ್ನು ಆ ಕಂಪ್ಯೂಟರಿನಿಂದ ಅಳಿಸಿದ್ದೂ ಅವನ ಕೈಯೇ. ದೀಪಾವಳಿಯ ಹೊತ್ತಿಗೆ ಉಳಿದ ಹತ್ತು ಮಿಲ್ಲುಗಳಲ್ಲೂ ಅದೇ ಆಯಿತು. ಒಂದು ಮಿಲ್ಲಿಗಾದರೂ ಲೈಸೆನ್ಸ್ ಕೇಳದೆಯೇ ನೋಟ ಕೊಟ್ಟಿರಬಾರದಿತ್ತೇ ಎಂದು ಅವನು ಹಳಹಳಿಸಿದ.

ಕಾರ್ತಿಕದ ಒಂದು ಬೆಳಿಗ್ಗೆ ಫೋನ್ ಬಂತು. ತಾರಮಂಗಲಂ ಕಡೆ ಮಿಲ್ ಇಟ್ಟಿದ್ದ ಬೈರಪ್ಪ ಎಂಬವರು. ಹೃಷೀಕೇಶ ಅವರನ್ನು ಕಂಡೇ ಇರಲಿಲ್ಲ.

“ನೋಟ ನಿಂತೋಗೈತೆ ಸಾಮಿ. ಮೂರು ವರುಷದಿಂದ ಚೆನ್ನಾಗಿ ಓಡ್ತಿತ್ತು.”

“ನಾನು ನಿಮಗೆ ಕೊಟ್ಟೇ ಇಲ್ಲವಲ್ಲ.”

“ಪಕ್ಕದ ಮಿಲ್ಲಿಂದ ಕಾಪಿ ಒಡ್ಸಿದ್ದು,” ಎಂದರು ಬೈರಪ್ಪ, ಏನೂ ಅಳುಕಿಲ್ಲದೆ. “ಡೇಟಾಬೇಸೂ ಕಾಪಿನೇ. ಅದುಕ್ಕೇ ಒಸ ಸಿಡಿ ನಮ್ಗೆ ಕೊಡ್ಲಿಲ್ಲ. ನೋಟ ಇಲ್ದೆ ಗೆಣಸು ತಗಳಕ್ಕೇ ಆಯ್ತಾ ಇಲ್ಲ ಸಾಮಿ.”

ಕಳ್ಳ ಎನ್ನಬೇಕು, ಪೊಲೀಸಿಗೆ ಹೇಳುತ್ತೇನೆ ಎನ್ನಬೇಕು ಎಂದು ಹೃಷೀಕೇಶ ಬಾಯಿ ತೆರೆದ. ಆದರೆ ನೋಟ ಇಲ್ಲದೆ ಆಗುವುದಿಲ್ಲ ಎಂಬ ಮಾತು ಕಿವಿಗೆ ಬಿದ್ದು ಎಷ್ಟೋ ತಿಂಗಳಾಗಿತ್ತು. ಅವನ ಮನಸ್ಸು ಅರಳಿತು, ಅರಳಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ವಸುಧಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳ ಕಡೆ ಬೆನ್ನು ತಿರುಗಿಸಿ, ನಾಳೆ ಎಷ್ಟು ಗಂಟೆಗೆ ಬರಲಿ ಎಂದು ಕೇಳಿದ.