ಒಂದೇ ದಿನ ಎರಡು ಭೇಟಿ

ಈ ಉತ್ತರದ ದ್ವೀಪಗಳಲ್ಲಿ ಪ್ರವಾಸಿಗರ ಬಸ್ಸು ಓಡಿಸುವವರು ಬೇಕಾದಷ್ಟಿದ್ದಾರೆ. ಆದರೆ ನಲವತ್ತು ವರ್ಷ ಮುಖ ನೋಡದ ಅಕ್ಕತಂಗಿಯರನ್ನು ಒಂದೇ ದಿನ ಎರಡು ಸಲ ಎದುರುಬದುರು ನಿಲ್ಲಿಸಿದವನು ನಾನೊಬ್ಬನೇ. ಮ್ಯಾಗ್ನಿ. ಹೆಸರು ನೆನಪಿರಲಿ.

ತಂಗಿ ಮೀಮಿ ಅಜ್ಜಿ ನ್ಯೂಜಿಲೆಂಡಿನಿಂದ ಪ್ರವಾಸಿ ಹಡಗಿನಲ್ಲಿ ಬಂದಿದ್ದಳು. ಹಡಗು ಸಂಜೆಗೇ ಹೊರಡುತ್ತಿತ್ತು. ಅಕ್ಕ ಓಸ್ಲಾಳ ಮನೆ ತುತ್ತತುದಿಯ ಅನ್‌ಸ್ಟ್ ದ್ವೀಪದಲ್ಲಿ. ಯೆಲ್ ದ್ವೀಪದ ಉದ್ದಕ್ಕೂ ಹೋಗಿ ಬಸ್ಸು ಸಮೇತ ಫೆರಿ ಹತ್ತಬೇಕು.

"ಅರ್ಧ ಗಂಟೆ ಸಿಕ್ಕಿದ್ರೂ ಸಾಕಪ್ಪ," ಎಂದಳು ಅಜ್ಜಿ. "ಈ ಕಾಲಲ್ಲಿ ಇನ್ನೊಂದು ಸಲ ಬರೋಕಾಗಲ್ಲ."

"ಎಂಟ್ರಿ ನಿಮ್ದು, ಡೈರೆಕ್ಷನ್ ನಂದು ಅಜ್ಜಿ. ಆರಾಮಾಗಿ ಕೂತ್ಕೊಳ್ಳಿ."

ಹಿಂದಿನ ದಿನವೇ ಓಸ್ಲಾಳಿಗೆ ಗುಟ್ಟಾಗಿ ಫೋನು ಮಾಡಿದ್ದೆ: ದಾಟಿ ಯೆಲ್ ಕಡೆಯ ಫೆರಿ ಕಟ್ಟೆಗೆ ಬಂದು ನಿಲ್ಲಿ, ಯಾರಿಗೂ ಹೇಳಬೇಡಿ. ನಮ್ಮಲ್ಲಿ ಒಂದು ಮನೆಗೆ ಹೇಳಿದ್ದು ಊಟದ ಹೊತ್ತಿಗೆ ಮೂರು ದ್ವೀಪ ಸುತ್ತಿರುತ್ತದೆ.

ಕಟ್ಟೆಯಲ್ಲಿ ಓಸ್ಲಾ ಕಾಣಲಿಲ್ಲ. ಫೆರಿ ನಡೆಸುವ ಲೌರಿ ಮಾವ, "ಜಾಗ ಇದೆ, ಹತ್ಸೋ ಬೇಗ," ಎಂದರು. ಮುದುಕಿ ಮನೆಯಲ್ಲೇ ಉಳಿದಿರಬೇಕೆಂದು ಹತ್ತಿಸಿದೆ.

ನಡುನೀರಿನಲ್ಲಿ ಎದುರಿನಿಂದ ಬಂದ ಇನ್ನೊಂದು ಫೆರಿ ಪಕ್ಕದಲ್ಲೇ ಹಾದುಹೋಯಿತು. ಅದರಲ್ಲಿ ಓಸ್ಲಾ, ಬಿಳಿ ಶಾಲೊಂದನ್ನು ಎದೆಗವಚಿಕೊಂಡು ನಿಂತಿದ್ದಳು. "ಅಕ್ಕಾ," ಎಂದು ಮೀಮಿ ಅಜ್ಜಿ ಕೂಗಿದ್ದನ್ನು ಇಂಜಿನ್ನು ನುಂಗಿತು.

"ಇದು ಇಂಟರ್ವಲ್ ಅಜ್ಜಿ, ಕ್ಲೈಮ್ಯಾಕ್ಸ್ ಬಾಕಿ ಇದೆ," ಎಂದೆ.

ಆ ದಡ ಮುಟ್ಟುವಷ್ಟರಲ್ಲಿ ಗಾಳಿ ಎದ್ದಿತ್ತು. "ಇನ್ನೊಂದೇ ಟ್ರಿಪ್ಪು," ಎಂದರು ಮಾವ. "ಆಮೇಲೆ ಎರಡೂ ಫೆರಿ ಕಟ್ಟಿಹಾಕ್ತೀವಿ. ಹಡಗು ಹಿಡೀಬೇಕಾದ್ರೆ ಈಗ್ಲೇ ತಿರುಗ್ಸು."

ತಿರುಗಿಸಿದೆ. ಒಳಗೊಳಗೆ ಖುಷಿಯೇ ಆಯಿತು. ಓಸ್ಲಾ ಈಗ ಯೆಲ್ ಕಟ್ಟೆಯಲ್ಲೇ ಇರುತ್ತಾಳಲ್ಲ.

ಆದರೆ ಅಲ್ಲಿ ಅವಳೂ ಇದೇ ಕೊನೆಯ ಟ್ರಿಪ್ಪು ಎಂದು ಕೇಳಿದ್ದಳು. ತಂಗಿ ಅನ್‌ಸ್ಟ್‌ನಲ್ಲೇ ಕಾಯುತ್ತಿರುತ್ತಾಳೆಂದುಕೊಂಡು ಅವಳೂ ವಾಪಸು ಹೊರಟಿದ್ದಳು. ನಡುನೀರಿನಲ್ಲಿ ಮತ್ತೆ ಅದೇ ಫೆರಿ, ಅದೇ ಶಾಲು.

ಲೌರಿ ಮಾವನಿಗೆ ಆಗ ಗುಟ್ಟೆಲ್ಲ ಹೇಳಿದೆ. "ಲೇ ಪೆದ್ದ," ಎಂದರು, "ಹೋಗ್ತಾನೇ ಬಾಯಿ ಬಿಡಬಾರದಿತ್ತಾ? ವೈರ್‌ಲೆಸ್ಸಲ್ಲಿ ಹೇಳಿ ಓಸ್ಲಾನ ಯೆಲ್ ಕಟ್ಟೇಲೇ ಕೂರಿಸ್ತಿದ್ದೆ."

"ಈಗ ಏನಾದ್ರೂ ಮಾಡಿ ಮಾವ."

ಅವರು ಅಲೆಗಳ ಕಡೆ ಕೈ ತೋರಿಸಿದರು. ಆಚೆ ಓಸ್ಲಾ ಶಾಲನ್ನು ಎರಡೂ ಕೈಯಲ್ಲಿ ಎತ್ತಿ ಬಿಡಿಸಿ ಹಿಡಿದಿದ್ದಳು. ಗಾಳಿ ಅದನ್ನು ಕಿತ್ತುಕೊಳ್ಳುವಂತೆ ಬಡಿಯುತ್ತಿತ್ತು.

"ಅದು ನನಗೇ ಹೆಣೆದದ್ದೇನಪ್ಪ?" ಎಂದು ಕೇಳಿದಳು ಮೀಮಿ ಅಜ್ಜಿ.

ಎರಡು ಸಲ ಎದುರುಬದುರು ನಿಲ್ಲಿಸಿದ್ದು ನಿಜ. ಎರಡು ಸಲವೂ ನಡುವೆ ನೀರಿತ್ತು.