ಕರ್ತನ ಕುರ್ಚಿ

ಆ ಕ್ರೈಸ್ತ ದೇವಾಲಯದ ಹಿರಿಯರು ಸೇರುವ ಕೋಣೆಯಲ್ಲಿ ಮೇಜಿನ ತಲೆಭಾಗದ ಕುರ್ಚಿ ಯಾವಾಗಲೂ ಖಾಲಿ. ಸಭೆಗೆ ಕರ್ತನಾದ ಕ್ರಿಸ್ತನೇ ಶಿರಸ್ಸು, ಅಧ್ಯಕ್ಷತೆ ಅವನದೇ ಎಂದು ಹಿಂದಿನವರು ಹಾಗೆ ಬಿಟ್ಟದ್ದು. ಅದರಲ್ಲಿ ಯಾರೂ ಕೂರುವಂತಿಲ್ಲ. ಕೂರದೆಯೇ ಅಧಿಕಾರ ನಡೆಸುವ ವಿದ್ಯೆ ಮಾತ್ರ ಪಕ್ಕದಲ್ಲಿ ಕೂರುವ ಕಬ್ಬಿಣದಂಗಡಿ ಯಜಮಾನರಿಗೆ ಕರಗತವಾಗಿತ್ತು. ಕಣ್ಣು ಮುಚ್ಚಿ, ಕುರ್ಚಿಯತ್ತ ತಲೆಬಾಗಿ, "ಕರ್ತನ ಚಿತ್ತ ಹೀಗಿದೆ" ಎಂದುಬಿಟ್ಟರೆ ಮುಗಿಯಿತು. ಕರ್ತನ ಚಿತ್ತವೂ ಅವರ ಚಿತ್ತವೂ ಒಮ್ಮೆಯೂ ಬೇರೆಯಾದದ್ದಿಲ್ಲ.

ಹಿರಿಯರಲ್ಲಿ ಒಬ್ಬಳಾದ ದರ್ಜಿ ಹೆಂಗಸು ಇಷ್ಟು ವರ್ಷ ಅದನ್ನು ನುಂಗಿಕೊಂಡಿದ್ದಳು. ಅವತ್ತು ನುಂಗಲಾಗಲಿಲ್ಲ. ಅವಳ ಅಕ್ಕನ ಮಗಳು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಳು. ಹಾಡು ಕಲಿಸುವ ಮೇಷ್ಟ್ರು ತನ್ನ ಮೈಮೇಲೆ ಕೈಹಾಕಿದ್ದನ್ನು ಹೇಳಲು ಬಂದಿದ್ದಳು. ಮೇಷ್ಟ್ರು ಯಜಮಾನರ ಅಳಿಯ. ಅವನೋ ಒಳಗೇ ಕೂತು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಅದ್ದಿ ತಿನ್ನುತ್ತಿದ್ದ. ಆ ಬೆರಳುಗಳನ್ನು ನೋಡಲಾಗದೆ ದರ್ಜಿ ಮುಖ ತಿರುಗಿಸಿದಳು.

"ಹುಡುಗೀನ ಒಳಗೆ ಕರೀಬೇಕಲ್ವಾ?" ಎಂದು ಕೇಳಿದಳು.

"ಯಾಕಮ್ಮಾ? ಕೆಸರು ಕೆದಕಿದ್ರೆ ನಾರೋದು ನಮ್ಮನೇನೇ." ಯಜಮಾನರು ಕಣ್ಣು ಮುಚ್ಚಿದರು. "ಕ್ಷಮಿಸಿ ಮರೆತುಬಿಡೋದೇ ಕರ್ತನ ಚಿತ್ತ."

"ಆಮೆನ್" ಎಂದರು ಪಾದ್ರಿಗಳಾದ ಸಭಾಪಾಲಕರು, ನೆಲ ನೋಡುತ್ತ. ಉಳಿದ ಹೌದಪ್ಪಗಳು ತಲೆಯಾಡಿಸಿದರು. ಥೂ, ಇವರ ಜನ್ಮಕ್ಕಿಷ್ಟು! ಸಂತೆಯಲ್ಲಿ ಬೆಲೆ ಕಟ್ಟುವವರಾದರೂ ದನದ ಬಾಯಿ ಬಿಡಿಸಿ ನೋಡುತ್ತಾರೆ. ಇವರಿಗೆ ಹುಡುಗಿಯ ಬಾಯಿಂದ ಒಂದು ಮಾತೂ ಬೇಡವಾಗಿತ್ತು.

ದರ್ಜಿ ಎದ್ದು ಹೋಗಿ ಹುಡುಗಿಯ ಕೈ ಹಿಡಿದು ಕರೆತಂದಳು. ಯಾರೂ ಜಾಗ ಬಿಡಲಿಲ್ಲ. ಅವಳು ತಲೆಭಾಗದ ಕುರ್ಚಿಯನ್ನು ದರದರ ಎಳೆದು, "ಕೂತ್ಕೋ ಕಂದಾ" ಎಂದಳು.

"ಅಯ್ಯೋ! ಕರ್ತನ ಕುರ್ಚಿ ಅದು!" ಯಜಮಾನರು ಎದ್ದೇಬಿಟ್ಟರು. "ಏಳೇ ಮೇಲೆ!"

"ನಿಮ್ಮದಲ್ವಲ್ಲ ಯಜಮಾನ್ರೇ. ಏಳು ಅಂತ ಕರ್ತನೇ ಹೇಳ್ಲಿ. ಕಾಯೋಣ" ಎಂದಳು ದರ್ಜಿ.

ಎಲ್ಲರೂ ನಿಜಕ್ಕೂ ಕಾದರು. ಇಷ್ಟು ಕಾಲ ಆ ಕುರ್ಚಿಯ ಹೆಸರಲ್ಲಿ ಊರನ್ನೇ ಹೆದರಿಸಿದವರು, ಈಗ ಅಲ್ಲಿ ಯಾರೂ ಇಲ್ಲ ಎನ್ನುವಂತಿರಲಿಲ್ಲ. ಮೇಷ್ಟ್ರ ಬಿಸ್ಕತ್ತು ಮೆತ್ತಗಾಗಿ ಚಹಾದೊಳಗೆ ಕಳಚಿಬಿತ್ತು. ಏಳು ಎಂಬ ಅಪ್ಪಣೆ ಮಾತ್ರ ಬರಲಿಲ್ಲ.

ಕೊನೆಗೆ ಸಭಾಪಾಲಕರು ತಲೆ ಎತ್ತಿ, "ಹೇಳಮ್ಮಾ" ಎಂದರು.

ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಎಂದಿನಂತೆ ಕಣ್ಣು ಮುಚ್ಚಲು ಹೋದರು.

"ಕಣ್ಣು ಬಿಟ್ಕೊಂಡು ಕೇಳಿ" ಎಂದಳು ಹುಡುಗಿ.