ಕಾರಂಜಿಯ ಸುತ್ತ ಕಿವಿಗೊಟ್ಟವರು

ಸಹೃದಯರಾದ ವಾಚಕ ಮಹಾಶಯರೇ, ತಮ್ಮ ಅಮೂಲ್ಯ ಸಮಯದಲ್ಲಿ ತುಸುವನ್ನು ನನಗೆ ದಯಪಾಲಿಸಿ, ನೀರಿಲ್ಲದ ಕಾರಂಜಿಯೊಂದನ್ನು ಕಣ್ಣೆದುರು ತಂದುಕೊಳ್ಳಬೇಕೆಂದು ವಿನಂತಿ. ಅದರ ಸುತ್ತ ಒಂದು ಕಾರು, ಸ್ಟೀರಿಂಗನ್ನು ಪೂರ್ತಿ ತಿರುಗಿಸಿಕೊಂಡು, ನಡಿಗೆಯ ವೇಗದಲ್ಲಿ ಸುತ್ತುತ್ತಿದೆ. ಪಕ್ಕದಲ್ಲೇ ನಾಲ್ಕಾರು ಜನ ಸೊಂಟ ಬಗ್ಗಿಸಿ, ಮುಂದಿನ ಗಾಲಿಯತ್ತ ಕಿವಿಗೊಟ್ಟು ಹೆಜ್ಜೆಯಿಡುತ್ತಿದ್ದಾರೆ. ಯಾರೂ ಕೆಮ್ಮುತ್ತಲೂ ಇಲ್ಲ.

ನಾನು ಕೆಲಕಾಲ ತಂಗಿದ್ದ ಆ ಊರಿನಲ್ಲಿ ಹಳೆಯ ಕಾರುಗಳು ಕೈ ಬದಲಾಯಿಸುತ್ತಿದ್ದುದು ಹೀಗೆ. ಸಂತೆಯ ದಿನ ಮಾರುವವನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಾರಂಜಿಯನ್ನು ಸುತ್ತಬೇಕು. ಗಾಲಿಯಡಿಯಿಂದ ಸದ್ದು ಬಾರದಿದ್ದರೆ ಕೊಳ್ಳುವವನು "ಗಪ್ ಐತಿ" ಎನ್ನಬೇಕು. ಆ ಮಾತು ಬಾಯಿಂದ ಬಿದ್ದ ಮೇಲೆ ವ್ಯಾಪಾರ ಮುರಿಯುವಂತಿರಲಿಲ್ಲ.

ಚನ್ನವೀರಪ್ಪನವರ ಗ್ಯಾರೇಜಿನಲ್ಲಿ ನಾನು ಮಿಸ್ತ್ರಿಯಾಗಿದ್ದೆ. ಊರಿನ ಗಣ್ಯರಾದ ಶೇಷಗಿರಿರಾಯರು ತಮ್ಮ ಬೂದುಬಣ್ಣದ ಕಾರನ್ನು ಅಲ್ಲಿಗೆ ಕಳುಹಿಸಿದ್ದರು. ಸ್ಟೀರಿಂಗ್ ಎಡಕ್ಕೆ ತಿರುಗಿದಾಗಲೆಲ್ಲ ಮುಂದಿನ ಗಾಲಿಯಿಂದ 'ಕಟ್ಟ್' ಎಂದು ಒಣಮೂಳೆ ಮುರಿದಂಥ ಸದ್ದು. ಗ್ಯಾರೇಜಿನ ಮಾಲೀಕರಾದ ಚನ್ನವೀರಪ್ಪನವರಿಗೆ ಸ್ಟೀರಿಂಗ್ ತಿರುಗಿಸಲು ಹೇಳಿ, ನಾನು ಸ್ಪ್ರಿಂಗಿನ ಮೇಲೆ ಅಂಗೈಯಿಟ್ಟೆ. ಸ್ಪ್ರಿಂಗು ಸಿಕ್ಕಿಕೊಂಡಿದ್ದರೆ ಕೈಗೆ ಒದೆಯಬೇಕಿತ್ತು, ಒದೆಯಲಿಲ್ಲ. ಜಾಕು ಕೊಟ್ಟು ಗಾಲಿಯೆತ್ತಿ, ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಾಡಿಸಿದೆ. ಅದು ವಸಡು ಬಿಟ್ಟ ಹಲ್ಲಿನಂತೆ ಆಡಿತು. ಗಾಲಿಯನ್ನು ಹಿಡಿದು ನಿಲ್ಲಿಸುವ ಕೆಳಗಿನ ಬಾಲ್ ಜಾಯಿಂಟಿನ ರಬ್ಬರು ಹರಿದು, ಒಳಗೆ ಕೆಸರು ತುಂಬಿ, ಗುಂಡು ತನ್ನ ಬಟ್ಟಲಿನಲ್ಲಿ ಸಡಿಲಾಗಿತ್ತು.

"ಮಾಲೀಕರೇ, ಹೊಸದನ್ನು ಹಾಕದೆ ವಿಧಿಯಿಲ್ಲ. ತಿರುವಿನಲ್ಲಿ ಇದು ಕಳಚಿದರೆ ಗಾಲಿ ಮಡಚಿಕೊಳ್ಳುತ್ತದೆ."

"ವಿಧಿಯಂತ ವಿಧಿ! ನಾಟಕದ ಮಾತು ಬಿಡೋ ಮಾರಾಯ," ಎಂದು ಚನ್ನವೀರಪ್ಪನವರು ತಂಬಾಕು ಉಗುಳಿದರು. ದನಗಳಿಗೆ ಚುಚ್ಚುವ ದಪ್ಪ ಸೂಜಿಯನ್ನು ತಂದು, ಹರಿದ ರಬ್ಬರಿನೊಳಗೆ ಗ್ರೀಸು ತುಂಬಿದರು. ಸೈಕಲ್ ಟ್ಯೂಬಿನ ಚೂರುಗಳನ್ನು ಸಂದಿಗೆ ತುರುಕಿದರು. ಬಲಿತ ಕುರುವಿನಂತೆ ಅದರಿಂದ ಕಪ್ಪು ರಸ ಜಿನುಗಿತು. "ಈಗ ತಿರುಗ್ಸು. ನೋಡು, ಸದ್ದು ಹೋತು, ರೋಗ ಹೋತು."

ಪಾಪ, ರಾಯರಿಗೆ ತಿಳಿಯದೆಂದು ಭಾವಿಸಿ ಅವರ ಮನೆಗೆ ಹೋದೆ. ಜಗಲಿಯಲ್ಲಿ ಅವಲಕ್ಕಿ ತಿನ್ನುತ್ತಿದ್ದ ಅವರು ನನ್ನ ಮಾತನ್ನು ಪೂರ್ತಿ ಕೇಳಿ, ಬೆರಳು ನೆಕ್ಕಿಕೊಂಡರು.

"ಗೊತ್ತೈತಪ್ಪಾ. ಸಂತಿ ಮುಗಿಯೋ ತನಕ ಗಪ್ ಇದ್ರ ಸಾಕು. ಆಮ್ಯಾಲೆ ಅದು ತಂಗೆವ್ವನ ಪಾಲು."

ತಂಗೆವ್ವನ ಖಾನಾವಳಿಯಲ್ಲೇ ನನ್ನ ಊಟ. "ಒಣಗಿ ಕಟಗಿ ಆಗೀಯಲ್ಲೋ" ಎನ್ನುತ್ತ ಒಂದು ಸೌಟು ಪಲ್ಯ ಹೆಚ್ಚಿಗೆ ಬಡಿಸುತ್ತಿದ್ದ ಹೆಂಗಸು. ಘಟ್ಟದ ಕೆಳಗಿನ ಕಲ್ಲುಗಣಿಗೆ ರೊಟ್ಟಿಯ ಬುಟ್ಟಿಗಳನ್ನು ಒಯ್ಯಲು ಆಕೆಗೊಂದು ಕಾರು ಬೇಕಾಗಿತ್ತು. ನಡೆಸುವವನು ಅಳಿಯ ಮಲ್ಲೇಶಿ. ಆ ಘಟ್ಟದ ಒಂದೊಂದು ತಿರುವನ್ನೂ ನಾನು ನೋಡಿದ್ದೆ.

ಸಂತೆಯ ದಿನ ಬೂದು ಕಾರು ಕಾರಂಜಿಯನ್ನು ಎಡಕ್ಕೆ ಸುತ್ತಿತು, ಬಲಕ್ಕೆ ಸುತ್ತಿತು. ತಂಗೆವ್ವ ಸೆರಗು ಸಿಕ್ಕಿಸಿ ಬಗ್ಗಿ ನಡೆದಳು. ಬೆಣ್ಣೆಯಲ್ಲಿ ಹೊರಳಿದಷ್ಟು ನಿಶ್ಶಬ್ದ. ಆಕೆ ಬಾಯಿ ತೆರೆಯುವಷ್ಟರಲ್ಲಿ, "ಅಕ್ಕಾ, ತಡೆಯಿರಿ!" ಎಂದು ನಾನು ನುಗ್ಗಿದೆ.

"ಊರಿಗಿಲ್ಲದ ಕಿವಿ ಇವಂಗ ಬಂದಾವೇನ್ರಿ!" ಎಂದನೊಬ್ಬ. ಉಳಿದವರು ನಕ್ಕರು.

"ಕಿವಿ ಬೇಡ ಅಕ್ಕಾ, ಕೈ ಕೊಡಿ," ಎಂದು ಜಾಕು ಕೊಟ್ಟು ಗಾಲಿಯೆತ್ತಿದೆ. ಆಕೆ ಎರಡೂ ಕೈಯಿಂದ ಹಿಡಿದು ಎಳೆದಳು, ತಳ್ಳಿದಳು. ಗಾಲಿ ಲಟಕ್ಕನೆ ಆಡಿತು. ಆಕೆ ಗಾಲಿ ಬಿಟ್ಟು ರಾಯರತ್ತ ತಿರುಗಿದಳು.

"ನನ್ನ ಅಳಿಯನ್ನ ಕೊಲ್ತಿದ್ರೇನ್ರಿ ರಾಯರ?"

ರಾಯರು ಮುಗುಳ್ನಕ್ಕರು. ಸುತ್ತ ನಿಂತವರು ಗಾಲಿಯನ್ನು ನೋಡಲಿಲ್ಲ. ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ಮಾರುವ ಕಾರುಗಳು ಅವರಲ್ಲಿಯೂ ಇದ್ದವು. ಆದರೂ ಒಂದು ಜೀವ ಉಳಿಸಿದೆನೆಂಬ ಹೆಮ್ಮೆಯಲ್ಲಿ, ಕಾದಂಬರಿಯ ಕೊನೆಯ ಅಧ್ಯಾಯದ ನಾಯಕನಂತೆ ನಾನು ಗ್ಯಾರೇಜಿಗೆ ಮರಳಿದೆ.

ಮಧ್ಯಾಹ್ನ ಅದೇ ಬೂದು ಕಾರು ಒಳಬಂದಿತು. ಸ್ಟೀರಿಂಗ್ ಹಿಡಿದವನು ಮಲ್ಲೇಶಿ, ಪಕ್ಕದಲ್ಲಿ ತಂಗೆವ್ವ.

"ಅರ್ಧ ರೇಟಿಗೆ ಬಂತಪ್ಪಾ, ನಿನ್ನ ಪುಣ್ಯಾ!"

"ಹಾಗಾದರೆ ಹೊಸ ಜಾಯಿಂಟನ್ನು ಇಂದೇ ತರಿಸುತ್ತೇನೆ."

"ಹುಚ್ಚಪ್ಪಾ, ಅದ್ಯಾಕ? ರಾಯರಿಗೆ ಹಾಕಿದ್ದ ಸೂಜಿನ ಇನ್ನೊಮ್ಮೆ ಹಾಕು. ಮುಂದಿನ ಸಂತ್ಯಾಗ ಹೊರಊರಿನವರು ಬರ್ತಾರ, ಪೂರಾ ರೇಟಿಗೆ ಮಾರಿ ಚಲೋದೊಂದು ತಗೋತೀನಿ. ಕೈ ಹಚ್ಚಿ ನೋಡ್ರಿ ಅಂತ ಅವರಿಗೆ ಮಾತ್ರ ಹೇಳಬ್ಯಾಡ ಮತ್ತ."

"ಅವರೂ ಘಟ್ಟ ಇಳಿಯುವವರೇ ಅಲ್ಲವೇ ಅಕ್ಕಾ?"

"ನನ್ನ ಅಳಿಯ ಇಳಿಯೂದಿಲ್ಲಲ್ಲ!" ಎಂದು ಆಕೆ ನಕ್ಕಳು. ಕಪಟವಿಲ್ಲದ ನಗು; ಪಲ್ಯ ಬಡಿಸುವಾಗಿನ ನಗುವೇ. "ಊಟಕ್ಕ ಬಾ. ಶೇಂಗಾ ಹೋಳಿಗಿ ಮಾಡ್ಸೀನಿ."

ನಾನು ಸೂಜಿಯನ್ನು ಮುಟ್ಟಲಿಲ್ಲ. ಚನ್ನವೀರಪ್ಪನವರೇ ಎತ್ತಿಕೊಂಡು, ಹಾಡು ಗುನುಗುತ್ತ ಕಾರಿನಡಿ ತೂರಿದರು. ನಾನು ಸೋಪು ಹಚ್ಚಿ ಕೈ ತೊಳೆದೆ, ಮತ್ತೆ ತೊಳೆದೆ. ಗ್ರೀಸಿನ ವಾಸನೆ ಹೋಗಲಿಲ್ಲ. ನನ್ನ ಪಾನಾ-ಸ್ಪ್ಯಾನರುಗಳನ್ನು, ಜಾಕನ್ನು, ರಕ್ಷಾಪುಟ ಕಳೆದುಕೊಂಡ ಕಾದಂಬರಿಗಳನ್ನು ಚೀಲಕ್ಕೆ ತುಂಬಿ ಹೆಗಲಿಗೇರಿಸಿದೆ. ಎಲ್ಲಿಗೆಂದು ಯಾರೂ ಕೇಳಲಿಲ್ಲ.

ಸಂತೆ ಇನ್ನೂ ಮುಗಿದಿರಲಿಲ್ಲ. ಕಾರಂಜಿಯ ಸುತ್ತ ಬೇರೊಂದು ಕಾರು ಸುತ್ತುತ್ತಿತ್ತು. ಬೆಳಿಗ್ಗೆ ನನ್ನನ್ನು ದುರುಗುಟ್ಟಿದ್ದವರೇ ಬಗ್ಗಿ, ಕಿವಿಗೊಟ್ಟು ನಡೆಯುತ್ತಿದ್ದರು. ಮಣ್ಣಿನಲ್ಲಿ ನನ್ನ ಜಾಕು ಮೂಡಿಸಿದ್ದ ಚೌಕದ ಗುರುತು ಹಾಗೆಯೇ ಇತ್ತು. ಗಾಲಿ ಅದರ ಮೇಲೆ ಮೆಲ್ಲಗೆ, ಸದ್ದಿಲ್ಲದೆ ಹಾದುಹೋಯಿತು. ಗಾಲಿಯತ್ತ ಕೈ ಚಾಚಿದವರು ಒಬ್ಬರೂ ಇರಲಿಲ್ಲ.